ಷಡ್ಡಕನ ತೊಟ್ಟಿಗೆ ಎರಡು ಬೆರಳು

ಷಡ್ಡಕ ಎಂಬ ಸಂಬಂಧವನ್ನು ಹುಟ್ಟುಹಾಕಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವನ ಹೆಂಡತಿಗೆ ತಂಗಿ ಇದ್ದಿರಲಾರಳು. ಒಂದೇ ಮನೆಯ ಅಕ್ಕತಂಗಿಯರನ್ನು ಕಟ್ಟಿಕೊಂಡ ತಪ್ಪಿಗೆ ಇಬ್ಬರು ಗಂಡಸರನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿ ಸಾಯುವ ತನಕ ತೂಗುತ್ತಾರೆ. ಒಬ್ಬನ ತೂಕ ಏರಿದರೆ ಸಾಕು, ಇನ್ನೊಬ್ಬ ಏನೂ ಮಾಡದೆ ಕೂತಲ್ಲೇ ಹಗುರಾಗುತ್ತಾನೆ.

ಬೇಕರಿಯವನ ತಟ್ಟೆ ಬಹಳ ವರ್ಷ ಭಾರವಾಗಿಯೇ ಇತ್ತು. ಅವನು ಹಿರಿಯ ಅಳಿಯ. ಸ್ವಂತ ಅಂಗಡಿ, ಸ್ವಂತ ಭಟ್ಟಿ, ಬೀದಿಯ ತಿರುವಿನಲ್ಲೇ ಮೂಗಿಗೆ ಬಡಿಯುವ ಬಿಸಿ ಬ್ರೆಡ್ಡಿನ ಘಮ. ಪೊಟ್ಟಣದಲ್ಲಿ ಬರುವ ಯೀಸ್ಟನ್ನು ಅವನು ಮುಟ್ಟುತ್ತಿರಲಿಲ್ಲ. ಹಿಟ್ಟು ನೀರು ಕಲಸಿಟ್ಟು, ತಾನಾಗಿ ಹುಳಿ ಬಂದ ಒಂದು ಉಂಡೆ ಅವನ ಪಿಂಗಾಣಿ ಜಾಡಿಯಲ್ಲಿ ಮದುವೆಗೂ ಮೊದಲಿನಿಂದ ಬದುಕಿತ್ತು. ದಿನವೂ ಅದರಲ್ಲಿ ಒಂದು ಪಾಲು ತೆಗೆದು ಬ್ರೆಡ್ಡಿಗೆ ಹಾಕುವುದು, ಉಳಿದದ್ದಕ್ಕೆ ಹೊಸ ಹಿಟ್ಟು ಉಣ್ಣಿಸುವುದು. ಮಕ್ಕಳಿಲ್ಲದ ಮನೆಗೆ ಆ ಹುಳಿಹಿಟ್ಟೇ ಮಗು ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಅವನಿಗೆ ಹಿಡಿಸುತ್ತಿತ್ತು. ಹೆಂಡತಿಗೆ ಹಿಡಿಸುತ್ತಿತ್ತೋ ಇಲ್ಲವೋ, ಅವನು ಕೇಳಿರಲಿಲ್ಲ.

ಕಿರಿಯ ಅಳಿಯ ಆಗ ಯಾವುದೋ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಯಂತ್ರ ರಿಪೇರಿ ಮಾಡಿಕೊಂಡಿದ್ದ. ಕೈಗೆ ಯಾವಾಗಲೂ ಗ್ರೀಸು, ಮಾತಿಗೆ ಮುಂಚೆ ನಗು. ಅಂಥವನನ್ನು ಕಂಪನಿ ತರಬೇತಿಗೆಂದು ಬೆಲ್ಜಿಯಂಗೆ ಕಳಿಸಿತು. ಹೋದವನು ಯಂತ್ರ ಕಲಿತನೋ ಬಿಟ್ಟನೋ, ಅಲ್ಲಿನವರು ಬಿಯರ್ ಮಾಡುವುದನ್ನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು ಬಂದ. ಬಂದವನೇ ಕೆಲಸ ಬಿಟ್ಟು, ಮುಚ್ಚಿಹೋಗಿದ್ದ ಹಳೆಯ ಲಾಂಡ್ರಿಯೊಂದನ್ನು ಹಿಡಿದು, ಬೆಲ್ಜಿಯಂ ಶೈಲಿಯ ಏಲ್ ಎಂಬ ಬಿಯರ್ ಕಾಯಿಸತೊಡಗಿದ. ಬೇಕರಿಯವ ಅವನಿಗೆ ಒಳಗೊಳಗೇ 'ನೊರೆರಾಯ' ಎಂದು ಹೆಸರಿಟ್ಟ. ಇವತ್ತು ಉಕ್ಕುತ್ತದೆ, ನಾಳೆ ಇಳಿಯುತ್ತದೆ, ನಾಡಿದ್ದು ಗ್ಲಾಸು ತೊಳೆಯುವ ಕೆಲಸ ಒಂದೇ ಉಳಿಯುತ್ತದೆ ಎಂದು ಕಾದ.

ಇಳಿಯಲಿಲ್ಲ. ಊರಿನ ಆ ತುದಿಯಿಂದೆಲ್ಲ ಜನ ಬಂದು ಭಾನುವಾರ ಮಧ್ಯಾಹ್ನ ಲಾಂಡ್ರಿಯ ಮುಂದೆ ಸಾಲು ನಿಲ್ಲತೊಡಗಿದರು. ಪತ್ರಿಕೆಯಲ್ಲಿ ಫೋಟೋ ಬಂತು. ಅತ್ತೆ ಆ ಪುಟವನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು, ಬ್ರೆಡ್ಡು ಕೊಳ್ಳಲು ಹಿರಿಯ ಅಳಿಯನ ಅಂಗಡಿಗೆ ಬಂದಾಗಲೂ ಬಿಡಿಸಿ ತೋರಿಸಿದರು. "ನೋಡಿ ಅಳಿಯಂದ್ರೇ, ನೊರೆ ಎಷ್ಟು ಚೆನ್ನಾಗಿ ಬಂದಿದೆ!" ಬ್ರೆಡ್ಡು ಹೇಗೆ ಬಂದಿದೆಯೆಂದು ಅವರು ನೋಡಲೇ ಇಲ್ಲ. ಬೇಕರಿಯವನಿಗೆ ಹೊಟ್ಟೆಯೊಳಗೆ ಇನ್ನೊಂದು ಭಟ್ಟಿ ಹೊತ್ತಿಕೊಂಡಿತು.

ಕೊನೆಗೆ ಒಂದು ಭಾನುವಾರ ಹೆಂಡತಿಯೇ ಹೊರಡಿಸಿದಳು. "ರೀ, ತಂಗಿ ಎಷ್ಟು ಸಲ ಕರೆದಳು. ನೀವೊಬ್ಬರೇ ನೋಡಿಲ್ಲ ಅಂದ್ರೆ ಏನಂದ್ಕೊಳ್ಳಲ್ಲ?" ಬೇಕರಿಯವ ಸೋಮವಾರದ ಹಿಟ್ಟು ನಾದುತ್ತಿದ್ದ. ಬೇಕೆಂದೇ ಕೊನೆಯ ಗಳಿಗೆಯವರೆಗೂ ನಾದಿ, ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಇದ್ದ ಅಂಗಿಯಲ್ಲೇ ಹೊರಟ. ನೊರೆರಾಯನ ದರ್ಶನಕ್ಕೆ ಸ್ನಾನ ಬೇರೆ ಕೇಡು ಎಂಬುದು ಅವನ ಲೆಕ್ಕ.

ಲಾಂಡ್ರಿಯ ಬಿಳಿ ಟೈಲ್ಸಿನ ಗೋಡೆ ಹಾಗೇ ಇತ್ತು. ನೆಲ ನಡುವಿನ ಮೋರಿಯತ್ತ ಇಳಿಜಾರಾಗಿತ್ತು. ಬಟ್ಟೆ ಬೇಯಿಸುತ್ತಿದ್ದ ಜಾಗದಲ್ಲಿ ಈಗ ಎರಡು ಹಂಡೆಗಳು. ಅವುಗಳಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ ಕುದಿಯುವುದು. ಹಿಂದಿನ ಗೋಡೆಗೆ ಒಂದು ಗಾಜಿನ ಕೋಣೆ. ಅದರೊಳಗೆ ಮುಚ್ಚಳವಿಲ್ಲದ ಅಗಲವಾದ ತೊಟ್ಟಿ, ತೊಟ್ಟಿಯ ತುಂಬ ಕೆನೆಬಣ್ಣದ ನೊರೆ. ಷಡ್ಡಕ ಬಂದವರನ್ನೆಲ್ಲ ಕೈ ತೊಳೆಸಿ, ಬಿಳಿ ನಿಲುವಂಗಿ ತೊಡಿಸಿ, ಮೂರು ನಾಲ್ಕು ಜನರಂತೆ ಆ ಕೋಣೆಗೆ ಕರೆದೊಯ್ಯುತ್ತಿದ್ದ. ಬೇಕರಿಯವನ ಸರದಿ ಬಂದಾಗ ಷಡ್ಡಕನ ಮುಖ ಸಣ್ಣದಾಯಿತು.

"ಭಾವ, ನೀವು ಮಾತ್ರ ಇಲ್ಲೇ ನಿಂತು ನೋಡಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ."

"ಯಾಕಪ್ಪಾ, ನಾನೇನು ಕುಡಿದುಬಿಡ್ತೀನಾ?"

"ಅಯ್ಯೋ, ಅದಲ್ಲ ಭಾವ. ನಿಮ್ಮ ಕೈಲಿ, ಅಂಗೀಲಿ ಹುಳಿಹಿಟ್ಟಿದೆ. ಅದೂ ಜೀವ, ಇದೂ ಜೀವ. ನಿಮ್ಮದು ಒಂದು ಚೂರು ಬಿದ್ರೆ ಸಾಕು, ನನ್ನದನ್ನೆಲ್ಲ ಹುಳಿ ಮಾಡಿ ಹಾಕುತ್ತೆ. ಬೆಲ್ಜಿಯಂನಲ್ಲೂ ಅಷ್ಟೇ, ಬೇಕರಿಯವರನ್ನ ತೊಟ್ಟಿ ಹತ್ರ ಬಿಡಲ್ಲ."

ಹುಳಿಯ ವಿಷಯ ತನಗೆ ಇವನು ಹೇಳಿಕೊಡಬೇಕೇ! ಆದರೆ ಮಾತು ನಿಜವಾಗಿತ್ತು, ನಿಜವಾಗಿದ್ದರಿಂದಲೇ ಹೆಚ್ಚು ಉರಿಯಿತು. ಮೂಲೆಮನೆಯ ಟೈಲರ್, ಯಾರೋ ಬಸ್ ಡ್ರೈವರ್, ಹೆಸರು ದಿಕ್ಕು ಗೊತ್ತಿಲ್ಲದ ಒಬ್ಬ ಉದ್ದ ಮೂಗಿನವ, ಎಲ್ಲರೂ ಒಳಗೆ. ಹಿರಿಯ ಅಳಿಯ ಹೊರಗೆ.

"ಸರಿ, ಇವಳೂ ನನ್ನ ಜೊತೆ ನಿಲ್ತಾಳೆ ಬಿಡು. ಇವಳ ಮೈಮೇಲೂ ಹಿಟ್ಟೇ ಇರೋದು," ಎಂದ.

"ಇಲ್ಲ ಭಾವ, ಅಕ್ಕ ಮನೇಲೇ ಸ್ನಾನ ಮಾಡ್ಕೊಂಡು ಬರ್ತಾರೆ. ಇಲ್ಲಿ ಮೇಲೆ ಅವರದೇ ಬೇರೆ ಬಟ್ಟೆ ಇಟ್ಟಿದ್ದಾರಲ್ಲ, ಅದನ್ನ ಹಾಕ್ಕೋತಾರೆ. ಪ್ರತಿ ಗುರುವಾರ ಹಾಗೇ ಅಲ್ವಾ?"

ಗುರುವಾರ ಬೇಕರಿಗೆ ಅರ್ಧ ದಿನ ರಜೆ. ಹೆಂಡತಿ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ಹೊರಡುತ್ತಿದ್ದಳು. ತಂಗಿಯ ಮನೆ ಲಾಂಡ್ರಿಯ ಮಹಡಿಯ ಮೇಲೆಯೇ ಇದ್ದದ್ದರಿಂದ ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಬೇಕರಿಯವ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು.

ಗಾಜಿನ ಆಚೆ ನಡೆದದ್ದನ್ನು ಅವನು ಮೂಕಿ ಸಿನಿಮಾದಂತೆ ನೋಡಿದ. ಷಡ್ಡಕ ಒಂದು ಪುಟ್ಟ ಲೋಟದಲ್ಲಿ ತೊಟ್ಟಿಯ ರಸ ತೆಗೆದು ಮೊದಲು ಅವಳಿಗೆ ಕೊಟ್ಟ. ಅವಳು ಕಣ್ಣು ಮುಚ್ಚಿ ಮೂಗಿನ ಹತ್ತಿರ ಹಿಡಿದಳು. ಕುಡಿಯಲಿಲ್ಲ, ಬರೀ ಮೂಸಿದಳು. ಆಮೇಲೆ ಏನೋ ಹೇಳಿದಳು. ಉದ್ದ ಮೂಗಿನವ ಕತ್ತು ಮುಂದೆ ಚಾಚಿ ಕೇಳಿದ. ಡ್ರೈವರ್ ತಲೆದೂಗಿದ. ಅವಳು ನಕ್ಕಳು. ಗಲ್ಲಾದ ಹಿಂದೆ ಕೂತು ಗಿರಾಕಿಗಳಿಗೆ ನಗುವ ನಗು ಅದಲ್ಲ. ಆ ನಗುವನ್ನು ಬೇಕರಿಯವ ಎಂದೋ ನೋಡಿದ್ದ, ಯಾವಾಗ ಎಂದು ನೆನಪಾಗಲಿಲ್ಲ. ಅದು ಈಗ ಇನ್ನೊಬ್ಬನ ತೊಟ್ಟಿಯ ಮುಂದೆ, ಇನ್ನೊಬ್ಬರ ಕಣ್ಣೆದುರು ಬಂದಿದ್ದು ಕಂಡು ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ನೋಡಿ ಮುಗಿದ ಮೇಲೆ ಎಲ್ಲರೂ ಹೊರಗಿನ ಉದ್ದ ಮೇಜಿಗೆ ಕೂತರು. ಷಡ್ಡಕ ಹೊಟ್ಟೆ ದಪ್ಪಗಿದ್ದು ಬಾಯಿ ಕಿರಿದಾದ ಗ್ಲಾಸುಗಳನ್ನು ಓರೆ ಹಿಡಿದು, ಬಾಟಲಿಯ ತಳದ ಗಸಿ ಕದಡದಂತೆ ಕಪ್ಪು ಏಲ್ ಸುರಿದ. ನೊರೆ ಬೆರಳುದ್ದ ಎದ್ದು ನಿಂತಿತು.

"ಅಕ್ಕ ಮೊದಲು ಹೇಳ್ಲಿ," ಎಂದ.

"ಮೊದಲು ಲವಂಗ," ಎಂದಳು ಅವಳು. "ಆಮೇಲೆ ಕಪ್ಪಾಗಿ ಮಾಗಿದ ಬಾಳೆಹಣ್ಣು. ಕೊನೇಲಿ ಸುಟ್ಟ ಸಕ್ಕರೆ. ಹೋದ ಸಲದ್ದಕ್ಕಿಂತ ಸಕ್ಕರೆ ಒಂದು ಗಳಿಗೆ ಜಾಸ್ತಿ ಸುಟ್ಟಿದ್ದೀರಾ."

"ನೋಡಿದ್ರಾ! ಒಂದೇ ಗಳಿಗೆ! ಫೋನ್ ಬಂತು, ಅದಕ್ಕೆ!" ಎಂದು ಷಡ್ಡಕ ಮೇಜು ಕುಟ್ಟಿದ.

ಬೇಕರಿಯವ ಒಂದು ಗುಟುಕು ಕುಡಿದ. ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ಪೂರ್ತಿ ಗ್ಲಾಸು ಖುಷಿಯಿಂದ ಕುಡಿಯುತ್ತಿದ್ದ. ಲವಂಗ ಎಂದ ಮೇಲೆ ಲವಂಗ ತಿಳಿಯಿತು, ಬಾಳೆಹಣ್ಣು ಎಂದ ಮೇಲೆ ಬಾಳೆಹಣ್ಣು. ಅವಳು ಹೇಳುವ ಮೊದಲು ಅವನ ನಾಲಿಗೆಗೆ ಏನೂ ತಿಳಿದಿರಲಿಲ್ಲ.

ಆಗ ಷಡ್ಡಕ ಕೈ ಒರೆಸಿಕೊಂಡು ಅವನ ಪಕ್ಕ ಬಂದು ಕೂತ. "ಭಾವ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ಬಾರದು. ಅಕ್ಕ ಇಲ್ಲಿಗೇ ಕೆಲಸಕ್ಕೆ ಬರ್ಲಿ. ಯಾವ ತೊಟ್ಟಿ ಯಾವಾಗ ತಯಾರಾಯ್ತು, ಯಾವುದು ಬಾಟಲಿಗೆ ಹೋಗಬೇಕು, ಎಲ್ಲ ಅವರೇ ಹೇಳ್ಲಿ. ಅವರಿಗಿರೋ ಮೂಗು ನಂಗಿಲ್ಲ."

ಹೆಂಡತಿ ಗ್ಲಾಸಿನ ಕಾಲನ್ನು ಬೆರಳಲ್ಲಿ ತಿರುಗಿಸುತ್ತ ಗಂಡನನ್ನೇ ನೋಡಿದಳು. ಅವಳಿಗೆ ಆಸೆಯಿತ್ತು, ಕುರುಡನಿಗೂ ಕಾಣುವಷ್ಟು ಇತ್ತು.

"ನೋಡೋಣ," ಎಂದ ಬೇಕರಿಯವ. "ಅಂಗಡಿ ಯಾರು ನೋಡ್ಕೋತಾರೆ? ಅಷ್ಟಕ್ಕೂ ಮೂಸೋದೂ ಒಂದು ಕೆಲಸನಾ?"

ಟೈಲರ್ ನಕ್ಕ. ಹೆಂಡತಿ ತಲೆ ತಗ್ಗಿಸಿದಳು. ನಕ್ಕದ್ದು ಒಬ್ಬನೇ, ಅದೂ ಮರ್ಯಾದೆಗೆ, ಎಂದು ಬೇಕರಿಯವನಿಗೂ ಗೊತ್ತಾಯಿತು. ಕೈ ತೊಳೆದು ಬರುತ್ತೇನೆಂದು ಎದ್ದು ಒಳಗೆ ಹೋದ.

ಒಳಗೆ ಯಾರೂ ಇರಲಿಲ್ಲ. ಗಾಜಿನ ಬಾಗಿಲಿಗೆ ಬೀಗವಿರಲಿಲ್ಲ. ಅವನು ಕೈ ತೊಳೆಯಲಿಲ್ಲ, ಸೀದಾ ಒಳಹೊಕ್ಕ. ತೊಟ್ಟಿಯ ಮೇಲೆ ಬಗ್ಗಿದಾಗ ಬೆಚ್ಚಗಿನ ಹಣ್ಣಿನ ವಾಸನೆ ಮುಖಕ್ಕೆ ಬಂತು. ಬರೀ ರುಚಿ ನೋಡೋಣ, ಇವಳು ಅಷ್ಟು ಕಣ್ಣು ಮುಚ್ಚಿ ಮೂಸಿದ್ದರಲ್ಲಿ ಅಂಥದ್ದೇನಿದೆ ನೋಡೋಣ ಎಂದುಕೊಂಡ. ಹಾಗಂತ ತನಗೆ ತಾನೇ ಹೇಳಿಕೊಂಡ ಅನ್ನೋಣ. ಉಗುರಿನ ಸಂದಿಯಲ್ಲಿ ಏನು ಬದುಕಿರುತ್ತದೆ ಎಂದು ತಿಳಿಯದ ಬೇಕರಿಯವನು ಈ ಭೂಮಿಯ ಮೇಲೆ ಇಲ್ಲ. ಎರಡು ಬೆರಳನ್ನು ನೊರೆಯ ಕೆಳಗೆ ಗೆಣ್ಣಿನವರೆಗೆ ಅದ್ದಿದ. ಅದ್ದಿದ್ದು ರುಚಿಗೆ, ಆದರೆ ಹೊರತೆಗೆಯುವ ಮುಂಚೆ ಹೆಬ್ಬೆರಳಿನಿಂದ ಉಗುರು ಕೆರೆದದ್ದು ಯಾವ ರುಚಿಗೆ? ಹೊರಗೆ ಬಂದಾಗ ಹೊಟ್ಟೆ ತಣ್ಣಗಾಗಿತ್ತು.

ಕೆಲಸದ ಮಾತನ್ನು ಅವನು ಆಮೇಲೆ 'ನೋಡೋಣ'ದಲ್ಲೇ ಇಟ್ಟ. ಅವಳು ಎರಡು ಸಲ ಕೇಳಿದಳು. "ನಿಮ್ಮಮ್ಮನ ಹುಟ್ಟುಹಬ್ಬ ಕಳೀಲಿ," ಎಂದ. ಅವಳು ಗುರುವಾರಗಳಂದು ಹೋಗಿ ಬರುತ್ತಲೇ ಇದ್ದಳು. ಬಂದವಳ ಕೆನ್ನೆಯಲ್ಲಿ ಒಂದು ಹೊಳಪು ಇರುತ್ತಿತ್ತು. ಅದನ್ನು ನೋಡಿ ಅವನು ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದ. ತೊಟ್ಟಿ ಹುಳಿಯಿತೆಂಬ ಸುದ್ದಿಗೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದ. ಸುದ್ದಿ ಬರಲಿಲ್ಲ. ರಸವನ್ನು ಬಾಟಲಿಗೆ ತುಂಬುವಾಗ ಎಲ್ಲ ಚೆನ್ನಾಗಿಯೇ ಇತ್ತು. ಹುಳಿ ಅವಸರದ ಜೀವಿಯಲ್ಲ. ಬಿರಡೆ ಹಾಕಿದ ಮೇಲೆ ಬಾಟಲಿಯೊಳಗೆ ಕೂತು ನಿಧಾನವಾಗಿ ಬೆಳೆಯಿತು.

ಅತ್ತೆಯ ಎಪ್ಪತ್ತನೆಯ ಹುಟ್ಟುಹಬ್ಬದ ಊಟವನ್ನು ಲಾಂಡ್ರಿಯ ಉದ್ದ ಮೇಜಿನಲ್ಲೇ ಇಟ್ಟುಕೊಂಡಿದ್ದರು. ಬೇಕರಿಯವ ಬುಟ್ಟಿ ತುಂಬ ಬ್ರೆಡ್ಡು ತಂದಿದ್ದ. ಎಲ್ಲರೂ ಮಾತಾಡುತ್ತಲೇ ಹರಿದು ತಿಂದರು. ಊಟದ ನಡುವೆ ಷಡ್ಡಕ ಎದ್ದು ನಿಂತು, ಬಟ್ಟೆ ಸುತ್ತಿದ ಬಾಟಲಿಯೊಂದನ್ನು ಎದೆಗೊತ್ತಿಕೊಂಡು ಬಂದ.

"ಅತ್ತೇ, ಇದು ನಿಮಗೇ ಅಂತ ಮಾಡಿದ್ದು. ಗೋಧಿ ಏಲು. ಬಾಟಲಿಗೆ ಹಾಕಿದ ಮೇಲೆ ಇನ್ನೂ ಯಾರೂ ರುಚಿ ನೋಡಿಲ್ಲ, ನಾನೂ ನೋಡಿಲ್ಲ. ಯಾಕಂದ್ರೆ ಇದು ನಾನು ಮಾಡಿದ್ದೇ ಅಲ್ಲ. ಗೋಧಿ ಎಷ್ಟು, ಕೊತ್ತಂಬರಿ ಬೀಜ ಎಷ್ಟು, ಕಿತ್ತಲೆ ಸಿಪ್ಪೆ ಯಾವಾಗ, ಎಲ್ಲ ಅಕ್ಕಂದೇ. ನಾನು ಬರೀ ಬೆಂಕಿ ಹಾಕ್ದೆ. ಆ ಭಾನುವಾರ ಭಾವ ಬಂದಾಗ ಗಾಜಿನ ಕೋಣೇಲಿ ಇತ್ತಲ್ಲ, ಅದೇ ತೊಟ್ಟಿ. ಬಾಯಿ ಬಿಡಬೇಡಿ ಅಂತ ಅಕ್ಕ ಆಣೆ ಹಾಕಿಸ್ಕೊಂಡಿದ್ರು."

ಬೇಕರಿಯವನ ಕೈಯಲ್ಲಿದ್ದ ಬ್ರೆಡ್ಡಿನ ತುಂಡು ಕೈಯಲ್ಲೇ ಉಳಿಯಿತು. ಹೆಂಡತಿ ಎದ್ದು ಬಂದಳು. ಅವಳ ಕಿವಿಯ ತುದಿ ಕೆಂಪಗಾಗಿತ್ತು. ಅಮ್ಮನನ್ನು ನೋಡಿದಳು, ಆಮೇಲೆ ಗಂಡನನ್ನು. ನೋಡಿದ್ರಾ, ಎಂಬಂತೆ. ತಡೆಯಬೇಕು, ಬಾಟಲಿ ಕೈಜಾರಿಸಿ ಒಡೆದುಬಿಡಬೇಕು, ಏನಾದರೂ ಮಾಡಬೇಕು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಬಿರಡೆ ಹಾರಿತ್ತು.

ನೊರೆ ಚೆನ್ನಾಗಿಯೇ ಬಂತು. ಅತ್ತೆ ದೊಡ್ಡ ಗುಟುಕೊಂದನ್ನು ಎಳೆದು, ಮುಖವನ್ನು ಮುದುಡಿದ ಕರವಸ್ತ್ರದಂತೆ ಮಾಡಿಕೊಂಡರು.

"ಇದೇನೇ ಇದು, ಒಡೆದ ಹಾಲಿನ ಹಾಗಿದೆ!"

ಷಡ್ಡಕ ಒಂದು ಹನಿ ನಾಲಿಗೆಗೆ ಹಾಕಿಕೊಂಡು ಬಿಳಿಚಿಕೊಂಡ. "ಹುಳಿ ಹೊಕ್ಕಿದೆ," ಎಂದ. "ಹೇಗೆ? ಎಲ್ಲಿಂದ?"

"ಹಿರಿ ಅಳಿಯಂದ್ರೇನಾದ್ರೂ ಒಳಗೆ ಹೋಗಿದ್ರಾ?" ಎಂದರು ಅತ್ತೆ. ಅವರು ಕೇಳಿದ್ದು ಸುಮ್ಮನೆ, ವಯಸ್ಸಾದವರ ಬಾಯಿಗೆ ಬಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೇಕರಿಯವ ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

ಹೆಂಡತಿ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಕಣ್ಣು ಮುಚ್ಚಿತ್ತು. ಒಂದು ಸಲ ಮೂಸಿದಳು. ಇನ್ನೊಂದು ಸಲ. ಕಣ್ಣು ತೆರೆದಾಗ ಅವಳು ಗಂಡನ ಮುಖ ನೋಡಲಿಲ್ಲ. ಅವನ ಕೈ ಮೇಜಿನ ಮೇಲೆ ಇರಬೇಕಾಗಿದ್ದ ಜಾಗವನ್ನು ನೋಡಿದಳು. ಹಾಗೆ ನೋಡುತ್ತ ಎಷ್ಟೋ ಹೊತ್ತು ನಿಂತಳು. ಬೇಕರಿಯವ ಬಾಯಿ ತೆರೆದ. ಷಡ್ಡಕನ ಮುಂದೆ, ಅತ್ತೆಯ ಮುಂದೆ, ಈ ಮೇಜಿನ ಮುಂದೆ ಹೇಗೆ ಹೇಳುವುದು? ತೆರೆದ ಬಾಯಿಗೆ ಎಡಗೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ಇಟ್ಟುಕೊಂಡ.

"ನಂದೇ ತಪ್ಪು," ಎಂದಳು ಹೆಂಡತಿ. "ಒಂದು ಗುರುವಾರ ಹೊತ್ತಾಗಿತ್ತು. ಅಂಗಡಿಯಿಂದ ಸೀದಾ ಬಂದು, ಬಟ್ಟೆ ಬದಲಾಯಿಸದೆ ಒಳಗೆ ಹೋಗ್ಬಿಟ್ಟೆ."

"ಅಕ್ಕಾ, ನೀನಾ?" ಎಂದಳು ತಂಗಿ. "ನಮಗೆಲ್ಲ ಪಾಠ ಹೇಳೋ ನೀನು ಹೀಗೆ ಮಾಡಿದ್ಯಾ?"

ಷಡ್ಡಕ ಕೂಗಾಡಲಿಲ್ಲ. ಕೂಗಾಡಿದ್ದರೆ ಬೇಕರಿಯವನಿಗೆ ಜಗಳಕ್ಕೆ ಒಂದು ದಾರಿ ಸಿಗುತ್ತಿತ್ತು. ಅವನು ಗ್ಲಾಸುಗಳನ್ನು ಒಂದೊಂದಾಗಿ ಮೋರಿಗೆ ಸುರಿದು ಬಂದು, ನೆಲ ನೋಡುತ್ತ ಹೇಳಿದ. "ಅಕ್ಕ, ಕೋಣೇನೆಲ್ಲ ಕುದಿಯೋ ನೀರಲ್ಲಿ ತೊಳೀಬೇಕು. ಆಮೇಲೂ... ಇನ್ಮೇಲೆ ಒಳಗೆ ಬೇಡ ಅಕ್ಕ. ಭಾವಂಗೆ ಹೇಳಿದ್ದೇ ನಿಮಗೂ ಹೇಳಬೇಕಾಗುತ್ತೆ."

"ಸರಿಯಪ್ಪ," ಎಂದಳು ಅವಳು. ಮಹಡಿಗೆ ಹೋಗಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು.

ಇಲ್ಲಿ ಒಂದು ಮಾತನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಆ ಚೀಲ ಕಂಡಾಗ ಬೇಕರಿಯವನಿಗೆ ಮೊದಲು ಆದದ್ದು ನಾಚಿಕೆಯಲ್ಲ, ಸಮಾಧಾನ. ಗುರುವಾರಗಳು ಮುಗಿದವು, ಹೆಂಡತಿ ಅಂಗಡಿಗೆ ಮರಳಿದಳು, ನೊರೆರಾಯನಿಗೆ ಅವಳ ಮೂಗು ಇನ್ನು ಸಿಕ್ಕುವುದಿಲ್ಲ ಎಂಬ ಸಮಾಧಾನ. ನಾಚಿಕೆ ಅದರ ಹಿಂದೆ ಕುಂಟುತ್ತ ಬಂತು.

ಇಬ್ಬರೂ ನಡೆದೇ ಮನೆಗೆ ಹೊರಟರು. ಅಂಚೆ ಕಚೇರಿಯ ಮುಂದೆ ಅವನು ಚೀಲಕ್ಕೆ ಕೈ ಚಾಚಿದ, ಅವಳು ಕೊಡಲಿಲ್ಲ.

"ಹೋಗ್ಲಿ ಬಿಡು," ಎಂದ. "ಅದೇನು ದೊಡ್ಡ..."

"ಅದರಲ್ಲಿ ನಮ್ಮ ಹುಳಿಹಿಟ್ಟಿತ್ತು," ಎಂದಳು ಅವಳು. "ಬೇರೆ ಯಾರದೋ ಹುಳಿ ಅಲ್ಲ, ಗಾಳೀಲಿ ಬಂದಿದ್ದೂ ಅಲ್ಲ. ಮದುವೆ ಆದ ದಿನದಿಂದ ಆ ಕೈ ಪಕ್ಕ ಮಲಗಿದ್ದೀನಿ. ಅದರ ವಾಸನೆ ನಂಗೆ ಗೊತ್ತಾಗಲ್ವಾ?"

ಅವನು ಅಲ್ಲೇ ನಿಂತ. "ಮತ್ತೆ ಯಾಕೆ ನಿನ್ನ ತಲೆ ಮೇಲೆ ಹಾಕ್ಕೊಂಡೆ?"

"ನೀವೇ ಹೇಳ್ತೀರಾ ಅಂತ ಕಾದೆ. ಗ್ಲಾಸು ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ದೆ ನೋಡಿದ್ರಲ್ಲ. ನೀವು ಬ್ರೆಡ್ಡು ತಿಂದ್ರಿ."

ಆಮೇಲೆ ಅವಳು ಬೈಯಲಿಲ್ಲ, ಅಳಲಿಲ್ಲ, ತಟ್ಟೆ ಪಾತ್ರೆ ಕುಕ್ಕಲಿಲ್ಲ. ಬೆಳಗಾದರೆ ಗಲ್ಲಾದಲ್ಲಿ ಕೂತಿರುತ್ತಿದ್ದಳು. ಗುರುವಾರವೂ ಕೂತಿರುತ್ತಿದ್ದಳು, ಮಧ್ಯಾಹ್ನ ಬಾಗಿಲೆಳೆದ ಮೇಲೆ ಕಪಾಟು ಒರೆಸುತ್ತಿದ್ದಳು. ಕೇಳಿದ್ದಕ್ಕೆ 'ಹೂಂ', ಹೇಳಿದ್ದಕ್ಕೆ 'ಆಯ್ತು'. ಷಡ್ಡಕನ ಹತ್ತಿರ ಹೋಗಿ ನಿಜ ಹೇಳಿಬಿಡಬೇಕೆಂದು ಅವನು ಎರಡು ಸಲ ಚಪ್ಪಲಿ ಮೆಟ್ಟಿದ, ಎರಡು ಸಲವೂ ಬೀದಿಯ ತಿರುವಿನಿಂದ ವಾಪಸು ಬಂದ. ಅವಳನ್ನು ಬೇರೆ ದಾರಿಯಲ್ಲಿ ಒಲಿಸಿಕೊಳ್ಳಬಹುದು ಎಂದುಕೊಂಡ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇಷ್ಟು ವರ್ಷ ಮನೆಯೊಳಗೇ ಇದ್ದ ಆ ಮೂಗನ್ನು ತಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳಿದರಾಯಿತು.

ಮೊದಲ ದಿನ ಭಟ್ಟಿಯಿಂದ ತೆಗೆದ ಬಿಸಿ ಬ್ರೆಡ್ಡಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು ಗಲ್ಲಾಗೆ ತಂದ. "ಹೇಗಿದೆ ಹೇಳು."

ಅವಳು ತಿಂದಳು. "ಚೆನ್ನಾಗಿದೆ ರೀ."

ಅವನಿಗೆ ಖುಷಿಯಾಯಿತು. ಮರುದಿನವೂ ಕೇಳಿದ, ಚೆನ್ನಾಗಿದೆ ಎಂದಳು. ಸ್ವಲ್ಪ ಸೀದ ದಿನವೂ ಚೆನ್ನಾಗಿದೆ ಎಂದಳು. ಆ ಮೇಲೆ ಅವನಿಗೆ ಅನುಮಾನ ಬಂತು. ಒಂದು ದಿನ ಬೇರೆ ಪಾತ್ರೆಯಲ್ಲಿ ಒಂದೇ ಒಂದು ಬ್ರೆಡ್ಡಿನ ಹಿಟ್ಟು ತೆಗೆದಿಟ್ಟು, ಬೇಕೆಂದೇ ಅದಕ್ಕೆ ಉಪ್ಪು ಹಾಕದೆ ನಾದಿ ಬೇಯಿಸಿದ. ಬೆಂದ ಮೇಲೆ ತಾನೊಂದು ಚೂರು ತಿಂದು ನೋಡಿದ. ಕಾಗದ ಅಗಿದ ಹಾಗಿತ್ತು. ಮಗು ಕೂಡ ಉಗಿಯುತ್ತದೆ. ಅವಳು ಬೈಯಲಿ, ತಟ್ಟೆ ಎಸೆಯಲಿ, ತಲೆ ನೆಟ್ಟಗಿದೆಯೇನ್ರೀ ಎಂದು ಕೇಳಲಿ ಎಂದು ಆಸೆಪಟ್ಟು ತಟ್ಟೆಯನ್ನು ಅವಳ ಮುಂದಿಟ್ಟ.

ಅವಳು ತುಂಡನ್ನು ಬಾಯಿಗೆ ಹಾಕಿಕೊಂಡಳು. ಒಂದು ಗಳಿಗೆ ದವಡೆ ನಿಂತಿತು. ಅವಳಿಗೆ ಗೊತ್ತಾಗಿತ್ತು, ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಅವನು ಉಸಿರು ಹಿಡಿದು ಕಾದ. ಅವಳು ಮತ್ತೆ ಅಗಿಯತೊಡಗಿದಳು. ನಿಧಾನವಾಗಿ, ಪೂರ್ತಿ ಅಗಿದು ನುಂಗಿದಳು.

"ಚೆನ್ನಾಗಿದೆ ರೀ," ಎಂದಳು. ಮೇಜಿನ ಮೇಲೆ ಬಿದ್ದಿದ್ದ ಪುಡಿಯನ್ನು ಒರೆಸಿ, ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ ಏನು ಬೇಕೆಂದು ಕೇಳಿದಳು.